ಎರಡನೇ ಮಹಡಿಯಲ್ಲಿ ಇಳಿಸಿದ ಕನ್ನಡಿ

ಕಿಟಕಿಗೂ ಅಂಗಡಿಗಳ ಮುಂಭಾಗಕ್ಕೂ ಗಾಜು ಕೂರಿಸಿಕೊಡುವ ಆ ಅಂಗಡಿಯಲ್ಲಿ ಇರುವವರು ಇಬ್ಬರೇ, ಭಾವ ಮತ್ತು ಭಾಮೈದ. ಅಂಗಡಿ ಭಾವನದು. ಅಕ್ಕನ ಮದುವೆಯಾದ ವರ್ಷವೇ ಭಾಮೈದ ಕೆಲಸಕ್ಕೆ ಸೇರಿದ. ಅದಾಗಿ ಹದಿನೆಂಟು ವರ್ಷ. ಭಾವನಿಗೆ ಈಗ ಐವತ್ತಮೂರು. ಬೀದಿಯವರು ಅವನನ್ನು ‘ಮಿಲಿಮೀಟರ್’ ಎಂದು ಕರೆಯುತ್ತಾರೆ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಆ ಗಾಜನ್ನು ಅವನು ಕೂರಿಸುವುದಿಲ್ಲ. ಮಾತಿಗೆ ಮಾತ್ರ ಅವನಲ್ಲಿ ಅಳತೆಯೇ ಇಲ್ಲ.

ದೊಡ್ಡ ಗಾಜು ಒಬ್ಬನಿಂದ ಆಗುವ ಕೆಲಸವಲ್ಲ. ಇಬ್ಬರೂ ಒಂದೊಂದು ಪಟ್ಟಿಯನ್ನು ಹೆಗಲಿನಿಂದ ಎದೆಯ ಮೇಲೆ ಅಡ್ಡಲಾಗಿ ಹಾಕಿಕೊಂಡು, ಅದರ ಕೊಕ್ಕೆಯಲ್ಲಿ ಗಾಜಿನ ಕೆಳ ಅಂಚನ್ನು ಕೂರಿಸಿ ಎತ್ತುತ್ತಾರೆ. ಮುಂದಿರುವವನಿಗೆ ಮೆಟ್ಟಿಲು, ತಿರುವು ಕಾಣುತ್ತವೆ. ಹಿಂದಿರುವವನಿಗೆ ಕಾಣುವುದು ಮುಂದಿನವನ ಕತ್ತು ಮಾತ್ರ. ಹಾಗಾಗಿ ‘ಎತ್ತು’, ‘ನಿಲ್ಲು’, ‘ಇಳಿಸು’ ಎನ್ನುವ ಹಕ್ಕು ಮುಂದಿನವನದು. ಹಿಂದಿನವನು ತನ್ನಷ್ಟಕ್ಕೆ ಇಳಿಸಿದರೆ ಗಾಜು ಒಡೆಯಬಹುದು, ಕೈ ಕುಯ್ಯಬಹುದು. ಮುಂದೆ ಯಾವಾಗಲೂ ಭಾವ, ಹಿಂದೆ ಭಾಮೈದ. ಹದಿನೆಂಟು ವರ್ಷದಲ್ಲಿ ಭಾಮೈದ ಒಮ್ಮೆಯೂ ಆ ಮೂರು ಮಾತಿನಲ್ಲಿ ಒಂದನ್ನೂ ಆಡಿರಲಿಲ್ಲ. ಮೊದಲೇ ಅವನು ಬಾಯಿ ಸತ್ತವನು.

ನಾಲ್ಕು ತಿಂಗಳಿಂದ ಭಾವ ‘ನಿಲ್ಲು’ ಎನ್ನುವುದು ಹೆಚ್ಚಾಗಿತ್ತು. ಒಂದು ದಿನ ತಿರುವು ಇಕ್ಕಟ್ಟು ಎಂದ. ಇನ್ನೊಂದು ದಿನ, “ತಾಳೋ, ಶೂ ಲೇಸು ಬಿಚ್ಚಿದೆ” ಎಂದ.

ಭಾಮೈದ ಬಗ್ಗಿ ನೋಡಿದ. “ಭಾವ, ನಿಮ್ಮ ಶೂಗೆ ಲೇಸೇ ಇಲ್ಲ.”

“ಕಣ್ಣು ಗಾಜಿನ ಮೇಲಿರಲಿ!”

ಆಮೇಲೆ ಭಾವ ತಾನೇ ಒಪ್ಪಿಕೊಂಡ. ಮೆಟ್ಟಿಲು ಹತ್ತುವಾಗ ಎದೆ ನಡುವೆ ಯಾರೋ ಮೊಣಕೈ ಊರಿದ ಹಾಗಾಗುತ್ತೆ, ಎಡ ದವಡೆಯೂ ಎಳೆಯುತ್ತೆ, ನಿಂತರೆ ಹೋಗುತ್ತೆ. ಅದಕ್ಕೆ ಕಾರಣವನ್ನೂ ಅವನೇ ಕಂಡುಹಿಡಿದಿದ್ದ. “ಪಟ್ಟಿ ಒತ್ತುತ್ತೆ ಕಣೋ. ಅಷ್ಟೇ.” ಹಳೇ ಕುರ್ಚಿಯ ಸ್ಪಂಜು ಕತ್ತರಿಸಿ ಪಟ್ಟಿಗೆ ಹೊಲಿದ. ವಾರದ ನಂತರ ಪಟ್ಟಿಯನ್ನು ಬಲ ಹೆಗಲಿಗೆ ಬದಲಾಯಿಸಿದ. ಗ್ಯಾಸಿನ ಮಾತ್ರೆಯನ್ನೂ ನುಂಗಿದ. ದಿನಕ್ಕೆ ಹತ್ತು ಸಿಗರೇಟು ಮಾತ್ರ ಹತ್ತೇ ಉಳಿಯಿತು.

“ನಿಮ್ಮಕ್ಕನ ಕಿವಿಗೆ ಇದು ಬಿದ್ದರೆ ನಿನ್ನ ಕಥೆ ಮುಗೀತು” ಎಂದೂ ಹೇಳಿಟ್ಟ.

ಭಾಮೈದ ಅಕ್ಕನಿಗೆ ಹೇಳಲಿಲ್ಲ. ಹೇಳದೆ ಇದ್ದುದಕ್ಕೆ ನಿದ್ದೆಯೂ ಸರಿಯಾಗಿ ಬರಲಿಲ್ಲ. ಮೊದಲು ಮೂರನೇ ಮಹಡಿಯಲ್ಲಿ ನಿಲ್ಲುತ್ತಿದ್ದ ಭಾವ ಈಗ ಎರಡನೆಯದರಲ್ಲೇ ನಿಲ್ಲುತ್ತಿದ್ದ. ಅವನ ಕತ್ತಿನ ಮೇಲೆ ಬೆವರು ಸಾಲುಗಟ್ಟುತ್ತಿತ್ತು, ಗಾಜಿನ ಮೂಲಕ ನಡುಕ ಭಾಮೈದನ ಅಂಗೈಗೆ ಬರುತ್ತಿತ್ತು. ಭಾವ ಹೀಗೇ ಒಂದು ದಿನ ಮೆಟ್ಟಿಲ ಮೇಲೆ ಸತ್ತುಬಿಡುತ್ತಾನೆ ಎಂಬ ಭಯ ಅವನಿಗೆ.

ಆ ದಿನ ನೃತ್ಯಶಾಲೆಯೊಂದಕ್ಕೆ ಆರಡಿ ಕನ್ನಡಿ ಹೊತ್ತಿದ್ದರು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಎರಡನೇ ಮಹಡಿಗೆ ಬಂದಾಗ ಭಾವ ನಿಲ್ಲಲಿಲ್ಲ. ಹಟ ಹಿಡಿದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟ. ಕನ್ನಡಿ ನಡುಗಿತು.

“ಇಳಿಸಿ” ಎಂದ ಭಾಮೈದ.

“ಏನಂದೆ?”

“ಕಾಲು ಹಿಂದಕ್ಕೆ ತಗೊಳ್ಳಿ ಭಾವ. ನಿಧಾನ. ಇಳಿಸಿ.”

ಇಳಿಸಿದ ಮೇಲೆ ಭಾವ ಕೆಂಡವಾದ. “ಯಾರು ಕಲಿಸಿದ್ರೋ ನಿನಗೆ? ಹಿಂದಿರೋನು ಬಾಯಿ ಬಿಡ್ತಾನಾ?”

ಭಾಮೈದ ಕನ್ನಡಿಯನ್ನು ಗೋಡೆಗೆ ಒರಗಿಸಿ ಹಗ್ಗ ಬಿಗಿದ. “ಸ್ವಲ್ಪ ಕೂತ್ಕೊಳ್ಳಿ. ಆಮೇಲೆ ಪಟ್ಟಿ ಬಿಚ್ಚಿಟ್ಟು ಬರಿಗೈಲಿ ಕೆಳಗಿಂದ ಇಲ್ಲೀತನಕ ಹತ್ತಿ ಬನ್ನಿ. ನೋವು ಬರಲಿಲ್ಲ ಅಂದ್ರೆ ಪಟ್ಟಿಯದೇ ತಪ್ಪು. ನಾನು ಕಾಲು ಹಿಡೀತೀನಿ.”

“ಹಿಡೀಬೇಕಾಗುತ್ತೆ, ರೆಡಿ ಇರು” ಎಂದು ಭಾವ ಇಳಿದು ಹೋದ. ಹತ್ತಿ ಬರುವಾಗ ಮೊದಲ ಮಹಡಿ ದಾಟಿದ್ದಷ್ಟೇ, ಕಂಬಿ ಹಿಡಿದು ಮೆಟ್ಟಿಲ ಮೇಲೇ ಕೂತ. ಎದೆ ಮೇಲೆ ಪಟ್ಟಿಯಿರಲಿಲ್ಲ, ನೋವಿತ್ತು. ಹೀಗೆ ಹತ್ತಿಸಿ ನೋಡಿದ್ದೇ ತಪ್ಪಾಯಿತು ಎಂದು ಭಾಮೈದನ ಜೀವ ಬಾಯಿಗೆ ಬಂತು. ನಾಲ್ಕು ನಿಮಿಷದಲ್ಲಿ ನೋವು ಇಳಿಯಿತು. ಕನ್ನಡಿಯನ್ನು ಅಲ್ಲೇ ಬಿಟ್ಟು ಇಬ್ಬರೂ ನೇರವಾಗಿ ಆಸ್ಪತ್ರೆಗೆ ಹೋದರು.

ಅಲ್ಲಿ ಮಲಗಿಸಿ ಇಸಿಜಿ ತೆಗೆದರು. ನಾರ್ಮಲ್ ಬಂತು. ಭಾವನ ಮುಖ ಅರಳಿತು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, “ನೋಡಿದ್ಯಾ? ಗುಂಡುಕಲ್ಲು ಇದ್ದ ಹಾಗಿದ್ದೀನಿ. ಡಾಕ್ಟ್ರೇ, ಇವನು ಸುಮ್ನೆ ಹೆದರುಪುಕ್ಕಲ” ಎಂದ. ಡಾಕ್ಟರಮ್ಮ ಏನು ತೊಂದರೆ ಎಂದು ಕೇಳಿದರೆ, “ಏನಿಲ್ಲ, ಸ್ವಲ್ಪ ಸುಸ್ತು” ಎಂದುಬಿಟ್ಟ.

ಈಗಲೂ ಸುಮ್ಮನಿದ್ದರೆ ಭಾವ ಎದ್ದು ಹೋಗುತ್ತಾನೆ, ನಾಳೆ ಕನ್ನಡಿ ಹೊರುತ್ತಾನೆ. ಭಾಮೈದ ಗೋಡೆ ನೋಡುತ್ತಲೇ ಹೇಳತೊಡಗಿದ: ಎಷ್ಟನೇ ಮಹಡಿಯಲ್ಲಿ ನಿಲ್ಲುತ್ತಾನೆ, ಎಷ್ಟು ನಿಮಿಷಕ್ಕೆ ಸರಿಹೋಗುತ್ತದೆ, ದವಡೆ, ಬೆವರು, ಸಿಗರೇಟು, ಸ್ಪಂಜು ಎಲ್ಲವನ್ನೂ. ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಕೇಳಿದರು.

“ಇದು ಮಲಗಿದ್ದಾಗ ತೆಗೆದದ್ದು. ಮಲಗಿದ್ದಾಗ ಇವರ ಹೃದಯಕ್ಕೆ ಸಾಕಾಗೋಷ್ಟು ರಕ್ತ ಸಿಗ್ತಿರಬಹುದು. ಹತ್ತುವಾಗ ಜಾಸ್ತಿ ಬೇಕು, ಆಗ ಸಿಗ್ತಿಲ್ಲ. ಕಾಗದಕ್ಕಿಂತ ನೀವು ಹೇಳಿದ್ದೇ ಮುಖ್ಯ” ಎಂದರು. ಭಾವನ ಕಡೆ ತಿರುಗಿ, “ಇವತ್ತು ನೀವು ಮನೆಗೆ ಹೋಗಲ್ಲ” ಎಂದರು.

ಅಕ್ಕ ಬಂದಳು. ಗಂಡನಿಗೂ ತಮ್ಮನಿಗೂ ಒಟ್ಟಿಗೇ ಮಂಗಳಾರತಿ ಮಾಡಿದಳು. ಮರುದಿನ ಮಣಿಕಟ್ಟಿನ ಮೂಲಕ ನಳಿಕೆ ತೂರಿಸಿ ನೋಡಿದಾಗ ಮುಖ್ಯ ರಕ್ತನಾಳವೊಂದು ಮುಕ್ಕಾಲಿಗಿಂತ ಹೆಚ್ಚು ಕಟ್ಟಿಕೊಂಡಿತ್ತು. ಅಲ್ಲಿಗೆ ಸ್ಟೆಂಟ್ ಹಾಕಿದರು. ರಕ್ತ ಹೆಪ್ಪುಗಟ್ಟದಿರಲು, ಕೊಬ್ಬು ಇಳಿಸಲು, ಬಿಪಿಗೆ ಮಾತ್ರೆಗಳು. ಅವನ್ನು ತಮ್ಮಿಷ್ಟಕ್ಕೆ ನಿಲ್ಲಿಸುವಂತಿಲ್ಲ. ನಾಲಿಗೆಯಡಿ ಇಡಲು ಒಂದು ಸಣ್ಣ ಮಾತ್ರೆ. “ನೋವು ಬಂದ್ರೆ ಕೂತು ಇದನ್ನ ಇಟ್ಕೊಳ್ಳಿ. ಐದು ನಿಮಿಷದಲ್ಲಿ ಹೋಗಲಿಲ್ಲ ಅಂದ್ರೆ ಆಂಬುಲೆನ್ಸ್. ನೀವೇ ಗಾಡಿ ಓಡಿಸ್ಕೊಂಡು ಬರಬೇಡಿ” ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ಸಿಗರೇಟಿನ ಬಗ್ಗೆ ಅಕ್ಕನೇ ಹೇಳಿದಳು, ಒಂದೇ ಸಲ.

ಕೆಲವು ವಾರ ಭಾರ ಎತ್ತುವ ಹಾಗಿರಲಿಲ್ಲ. ಭಾವ ಅಂಗಡಿಯಲ್ಲಿ ಕೂತು ಗಾಜು ಕೊಯ್ದ, ಸಿಗರೇಟಿಲ್ಲದೆ ಎಲ್ಲರ ಮೇಲೂ ಸಿಡುಕಿದ. ಒಮ್ಮೆ ಕದ್ದು ಸೇದಿ ಸಿಕ್ಕಿಬಿದ್ದ. ಎರಡನೇ ತಿಂಗಳಿಂದ ಸೇದಿಲ್ಲ.

ಈಗ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಭಾಮೈದ, “ಹೇಗಿದ್ದೀರಿ ಭಾವ?” ಎಂದು ಕೇಳುತ್ತಾನೆ. ಭಾವ ಏನನ್ನೂ ಮುಚ್ಚಿಡುವುದಿಲ್ಲ. ಮೂವತ್ತೆರಡು ನಿಮಿಷ ನಡೆದದ್ದು, ಏರಿನಲ್ಲಿ ಉಸಿರು ಎಷ್ಟು ಹತ್ತಿತು, ಬಿಪಿ ಎಷ್ಟು, ಯಾವ ಮಾತ್ರೆ ಯಾವಾಗ, ರಾತ್ರಿ ಎಷ್ಟು ಸಲ ಎದ್ದೆ ಎಂಬುದೆಲ್ಲ ಬರುತ್ತದೆ. ಇದು ಮುಗಿಯಲು ಕಾಲು ಗಂಟೆ ಬೇಕು. ಭಾಮೈದ ಪಟ್ಟಿ ಮಡಚುತ್ತಾ ನಿಂತು ಅಷ್ಟನ್ನೂ ಕೇಳಿಸಿಕೊಳ್ಳುತ್ತಾನೆ.