ದಾನದ ನೀರು ಹಿಡಿದು ಕೂತವರು

ರೇಷ್ಮೆ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಅದರ ಮೇಲೆಲ್ಲ ಹನುಮಾನ್ ಘಾಟಿನ ಸಗಣಿ. ಆಕೆಯನ್ನು ನಮ್ಮ ಹೊಸ್ತಿಲಲ್ಲಿ ನಾನು ಮೊದಲು ನೋಡಿದ್ದು ಹಾಗೆ. "ಅಷ್ಟು ದುಡ್ಡಿದ್ದೂ ಒಂದು ಒಳ್ಳೆ ಚಪ್ಪಲಿಗೆ ಗತಿಯಿಲ್ಲವೇ" ಎಂದು ನಮ್ಮತ್ತೆ ಒಳಗೆ ಬಂದು ಪಿಸುಗುಟ್ಟಿದರು.

ತೊಂಬತ್ತರ ದಶಕದ ಶುರು ಅದು. ಗಂಡ ಹೆಂಡತಿ ಇಬ್ಬರೂ ಇಂಜಿನಿಯರುಗಳು, ಮದ್ರಾಸಿನಲ್ಲಿ ಕಂಪ್ಯೂಟರ್ ಕಂಪನಿ ಕಟ್ಟಿ ಮೇಲೆ ಬಂದ ಕನ್ನಡದವರು. ಲಾಭದಲ್ಲಿ ಒಂದು ಪಾಲನ್ನು ಮನೆಯವರದೇ ಟ್ರಸ್ಟಿಗೆ ಹಾಕಿ ಊರೂರಲ್ಲಿ ದಾನಧರ್ಮ ಮಾಡುತ್ತಿದ್ದರು. ಗಂಡನ ತಾಯಿಯ ಶ್ರಾದ್ಧಕ್ಕೆ ಕಾಶಿಗೆ ಬಂದವರು, ಕಂಟೋನ್ಮೆಂಟಿನ ದೊಡ್ಡ ಹೋಟೆಲು ಬಿಟ್ಟು, ಪೌರೋಹಿತ್ಯ ಮಾಡುವ ನಮ್ಮ ಮಾವನವರ ಮನೆಯಲ್ಲೇ ಇಳಿದರು. ಮನೆಯ ಹಿಂದಿನ ಖಾಲಿ ಜಾಗದಲ್ಲಿ ಯಾತ್ರಿಕರಿಗೊಂದು ಊಟದ ಹಾಲ್ ಕಟ್ಟಿಸಿಕೊಡುವುದೆಂದು ಗಂಡಸರಲ್ಲಿ ಆಗಲೇ ಮಾತಾಗಿತ್ತು.

ಆಕೆ ಅತಿಥಿಯ ಹಾಗೆ ಕೂರುವವರಲ್ಲ. ಅಡುಗೆಮನೆಗೆ ಬಂದು, ಈಳಿಗೆಮಣೆ ಎಳೆದುಕೊಂಡು ಪರ್ವಲ್ ಕಾಯಿ ಹೆಚ್ಚುತ್ತ ಮಾತಿಗಿಳಿಯುತ್ತಿದ್ದರು. ಹೊರಗೆ ಯಾರು ಯಾವ ಯೋಜನೆ ಹೇಳಿದರೂ ಆಕೆಯದು ಒಂದೇ ಪ್ರಶ್ನೆ: "ಅದು ಸರಿ, ಹೆಂಗಸರು ಏನಂತಾರೆ?" ನಮ್ಮನ್ನು ಅದುವರೆಗೆ ಯಾರೂ ಏನೂ ಕೇಳಿದ್ದಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆವು, ಅಷ್ಟೆ.

ನಾನಾಗ ಬಸುರಿ. ಒಂದು ಮಧ್ಯಾಹ್ನ ಆಕೆ ಮಜ್ಜಿಗೆ ಕೊಟ್ಟರೆ ಬೇಡವೆಂದೆ.

"ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಒಂದು ಗುಟುಕು ನೀರೂ ಕುಡಿದಿಲ್ಲ ನೀನು. ಯಾಕೆ ಮಗೂ?" ಎಂದು ಕೈ ಹಿಡಿದುಕೊಂಡರು.

ಅತ್ತೆ ಆಚೆ ಹೋದ ಮೇಲೆ ಹೇಳಿದೆ. ಮನೆ ತುಂಬ ಯಾತ್ರಿಕರು, ಇರುವುದೊಂದೇ ಕಕ್ಕಸು, ಅದರ ಮುಂದೆ ಹಗಲೆಲ್ಲ ಗಂಡಸರ ಸಾಲು. ಆ ಸಾಲಿನಲ್ಲಿ ಮನೆಯ ಸೊಸೆ ಹೋಗಿ ನಿಲ್ಲುವುದುಂಟೇ? ಕತ್ತಲಾಗುವ ತನಕ ನೀರು ಮುಟ್ಟದಿರುವುದು ನಮ್ಮ ಗಲ್ಲಿಯ ಹೆಂಗಸರೆಲ್ಲ ಕಲಿತ ವಿದ್ಯೆ. ನನಗೆ ಉರಿಮೂತ್ರವಾಗಿ ಜ್ವರ ಮತ್ತೆ ಮತ್ತೆ ಬರುತ್ತಿತ್ತು. ಹೀಗೇ ಆದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ಬೈದಿದ್ದರು. ಆಕೆ ಎಲ್ಲ ಕೇಳಿಸಿಕೊಂಡು ಎದ್ದು ಹೋದರು.

ಮರುದಿನ ದಾನದ ಸಂಕಲ್ಪ. ಗಂಡ ಕೈಯೊಡ್ಡಿ ಕೂತರೆ ಹೆಂಡತಿ ಅದರ ಮೇಲೆ ನೀರು ಬಿಡಬೇಕು. ಅವಳು ಬಿಡದೆ ದಾನ ಕೊಟ್ಟ ಹಾಗಾಗುವುದಿಲ್ಲ. ಮಾವ ಮಂತ್ರ ಮುಗಿಸಿ "ನೀರು ಬಿಡೀಮ್ಮ" ಎಂದರು. ಆಕೆ ನೀರಿನ ಉದ್ಧರಣೆ ಹಿಡಿದು ಸುಮ್ಮನೆ ಕೂತಿದ್ದರು.

"ಆ ಜಾಗದಲ್ಲಿ ಮೊದಲು ಹೆಂಗಸರಿಗೆ ಬೇರೆ ಬಚ್ಚಲು, ಕಕ್ಕಸು ಆಗಲಿ. ಊಟದ ಹಾಲ್ ಆಮೇಲೆ. ಹಾಗಂತ ಸಂಕಲ್ಪ ಹೇಳಿ, ಬಿಡ್ತೀನಿ."

ಮಾವನವರ ಮುಖ ಕೆಂಪಾಯಿತು. "ಶ್ರಾದ್ಧದ ಹೊತ್ತಿನಲ್ಲಿ ಇದೆಂಥ ಮಾತು ತಾಯಿ? ಅನ್ನದಾನ ಕೇಳಿದ್ದೇನೆ, ಭೂದಾನ ಕೇಳಿದ್ದೇನೆ. ಕಕ್ಕಸಿಗೆ ನಾನು ಯಾವ ಮಂತ್ರ ಹೇಳಲಿ?"

"ನಿಮ್ಮ ಮೊಮ್ಮಗುವಿಗೆ ಆಯುಸ್ಸು ಬರೋ ಮಂತ್ರ ಹೇಳಿ ಶಾಸ್ತ್ರಿಗಳೇ" ಎಂದರು ಆಕೆ, ದನಿ ಎತ್ತದೆ. "ನಿಮ್ಮ ಸೊಸೆ ಹಗಲೆಲ್ಲ ಯಾಕೆ ನೀರು ಕುಡಿಯಲ್ಲ ಅಂತ ಒಂದು ಸಲ ಕೇಳಿ ನೋಡಿ."

ಬಾಗಿಲ ಮರೆಯಲ್ಲಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾವ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ, ಗಂಡಸರ ನಡುವೆ ಎಂದೂ ಮಾತಾಡದ ನಮ್ಮತ್ತೆ, "ಅವಳೊಬ್ಬಳೇ ಅಲ್ಲ, ನಾನೂ ಕುಡಿಯೋಲ್ಲ" ಎಂದುಬಿಟ್ಟರು.

ಆಕೆಯ ಯಜಮಾನರು ಚಾಚಿದ ಕೈ ಚಾಚಿದಂತೆಯೇ ಇಟ್ಟುಕೊಂಡು ನಕ್ಕರು. "ನನ್ನ ಕೈ ಸೋಲ್ತಾ ಇದೆ ಶಾಸ್ತ್ರಿಗಳೇ. ಅವಳಂತೂ ಜಪ್ಪಯ್ಯ ಅಂದರೂ ಬಿಡೋಳಲ್ಲ." ಮಾವ ಗಂಟಲು ಸರಿ ಮಾಡಿಕೊಂಡು ಸಂಕಲ್ಪವನ್ನು ಮೊದಲಿಂದ ಹೇಳಿದರು.

ನನ್ನ ಹೆರಿಗೆಗೆ ಮುಂಚೆಯೇ ಮಿಸ್ತ್ರಿ ಕೆಲಸ ಮುಗಿಸಿದ. ಗಲ್ಲಿಯ ಹೆಂಗಸರೆಲ್ಲ ಬರತೊಡಗಿದರು. ಮುಂದಿನ ವರ್ಷ ಬಂದ ಆಕೆ, ಚಿಲಕ ಮುದುಕಿಯರಿಗೆ ಎಟುಕುವುದಿಲ್ಲ ಎಂದು ಜಗಳವಾಡಿ ಅದನ್ನು ಕೆಳಗೆ ಹಾಕಿಸಿದರು. ಆಮೇಲೆ ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಸಂಜೆಯವರೆಗೆ ಕೂತರು. ಊಟದ ಹಾಲ್ ಮೇಲಂತಸ್ತಿನಲ್ಲಿ ಬಂತು. ಎಷ್ಟು ಸುಖವಾಗಿದ್ದೆವು ಆಗ.

ವರ್ಷಗಳ ಮೇಲೆ ಆಕೆ ತೀರಿಹೋದ ಸುದ್ದಿ ಫೋನಿನಲ್ಲಿ ಬಂತು. ಆ ವರ್ಷ ಪಿತೃಪಕ್ಷದಲ್ಲಿ ಮಾವ ತರ್ಪಣಕ್ಕೆ ಕೂತಾಗ ಎಳ್ಳು ಕೊಡಲು ಹೋಗಿದ್ದೆ. ತಂದೆ, ತಾಯಿ, ಅಜ್ಜ, ಅಜ್ಜಿ, ಗುರುಗಳು ಎಲ್ಲರಿಗೂ ಆಯಿತು. ಆಮೇಲೆ, ನಮ್ಮ ನಂಟರೂ ಅಲ್ಲದ, ಶಿಷ್ಯರೂ ಅಲ್ಲದ ಆಕೆಯ ಹೆಸರು ಅವರ ಬಾಯಲ್ಲಿ ಕೇಳಿತು. ಬದುಕಿರುವವರೆಗೂ ಮಾವ ಅದನ್ನು ತಪ್ಪಿಸಲಿಲ್ಲ. ಈಗ ಆ ಹೆಸರಿಗೆ ನನ್ನ ಗಂಡ ನೀರು ಬಿಡುತ್ತಾರೆ.