ಎಮ್ಮೆಗೂ ಡಿಗ್ರಿ

"ಆ ಯೂನಿವರ್ಸಿಟಿಯೇನ? ಅಲ್ಲಿ ಎಮ್ಮಿಗೂ ಡಿಗ್ರಿ ಕೊಡ್ತಾರಂತಲ್ಲ!"

ಖಾನಾಪುರದ ಬಸ್ಸು ಪೀರನವಾಡಿ ದಾಟುತ್ತಿತ್ತು. ನನ್ನ ಕೊರಳಲ್ಲಿದ್ದ ಗುರುತಿನ ಚೀಟಿ ನೋಡಿ ಪಕ್ಕದ ಸೀಟಿನ ಹಿರಿಯರು ನಕ್ಕರು. ಹಿಂದಿನ ಸೀಟಿನವರೂ ನಕ್ಕರು. ಇನ್ನೂ ಬಾರದ ರಿಸಲ್ಟಿಗಾಗಿ ಅದೇ ಬೆಳಿಗ್ಗೆ ಕ್ಯಾಂಟೀನಿನಲ್ಲಿ ನಾನೇ ಯೂನಿವರ್ಸಿಟಿಯ ಜನ್ಮ ಜಾಲಾಡಿದ್ದೆ. ಆದರೂ ಮೈ ಉರಿಯಿತು.

"ಕೊಡ್ತಾರ್ರಿ ಕಾಕಾ. ಆದ್ರ ಎಮ್ಮಿನೂ ಪರೀಕ್ಷಾ ಬರದು ಪಾಸಾಗಬೇಕು. ಬಸ್ಸಿನಾಗ ಕುಂತು ಹಲ್ಲು ಕಿಸದ್ರ ಕೊಡೂದಿಲ್ಲ."

ಕಾಕಾ ಕಿಟಕಿಯತ್ತ ತಿರುಗಿದರು. ಖಾನಾಪುರದಲ್ಲಿ ಇಳಿಯುವಾಗ ದನಿ ತಗ್ಗಿಸಿ ಕೇಳಿದರು: "ತಂಗಿ, ಅಲ್ಲಿ ಅಡ್ಮಿಶನ್ ಯಾವಾಗ ಚಾಲೂ ಆಗ್ತಾವ? ನಮ್ಮ ಮಗಳ ಸಲುವಾಗಿ."

ಹೇಳಿದೆ. ನಮ್ಮ ಯೂನಿವರ್ಸಿಟಿಯನ್ನು ಬೈಯುವ ಹಕ್ಕು ಅಲ್ಲಿನ ರಿಸಲ್ಟಿಗೆ ಕಾದು ಕೂತವರಿಗೆ ಮಾತ್ರ. ಮಗಳು ಸೇರಲಿ, ಆಮೇಲೆ ಕಾಕಾ ಮನಸಾರೆ ಬೈಯಲಿ.