ಉಮೇಶ ಊದಿ ನೋಡಿದ ಫಿಲ್ಟರು

ಹಳದೀಪುರದ ಬಸ್ ಸ್ಟಾಪಿನೆದುರು, ಹೊನ್ನಾವರದ ಬಸ್ಸು ತುಂಬಿ ನಿಂತಿರುವ ಹೊತ್ತಿಗೇ ಶ್ರೀಧರ ಮಾಸ್ತರರ ಬಿಳಿ ಪ್ಯಾಂಟು ಹಿಂಬದಿಯಲ್ಲಿ ಚರ್ರೆಂದು ಹರಿಯಿತು. ಕುಮಟೆಯ ಹೈಸ್ಕೂಲಿನಲ್ಲಿ ಶಿಸ್ತಿನ ಬಗ್ಗೆ ವರ್ಷವಿಡೀ ಭಾಷಣ ಬಿಗಿಯುವ ಈ ಮನುಷ್ಯ, ಬಾಲ್ಯದ ಗೆಳೆಯ ಉಮೇಶನ ಕಾರನ್ನು ಬಗ್ಗಿ ತಳ್ಳುತ್ತಿದ್ದರು. ಕಾರು ಒಂದು ಗೇಣೂ ಕದಲಲಿಲ್ಲ. ಕದಲಿದ್ದು ಹೊಲಿಗೆ ಮಾತ್ರ.

ಸ್ಟಿಯರಿಂಗ್ ಹಿಡಿದು ಕೂತಿದ್ದ ಉಮೇಶ ಹಿಂದಿನ ಸೀಟಿನಿಂದ ಮೈ ಒರೆಸುವ ಕೆಂಪು ಬೈರಾಸೊಂದನ್ನು ಕಿಟಕಿಯಾಚೆ ಎಸೆದ. ಮಾಸ್ತರರು ಅದನ್ನು ಸೊಂಟಕ್ಕೆ ಸುತ್ತಿಕೊಂಡರು. ಗಮ್ಮೆಂದು ಪೆಟ್ರೋಲ್ ವಾಸನೆ. ಬಸ್ಸಿನೊಳಗಿಂದ ಯಾರೋ ಕೂಗಿದರು: "ಮಾಸ್ತರ್ರ ಹತ್ರ ಯಾರೂ ಬೀಡಿ ಹಚ್ಚಬೇಡ್ರೋ!"

ಇಡೀ ಬಸ್ಸು ನಕ್ಕಿತು. ನಗದೆ ಕೂತವಳು ಒಬ್ಬಳೇ, ಉಮೇಶನ ಹೆಂಡತಿ ರೇಖಾ. ಗಂಡನ ಕಾರನ್ನು ನಂಬದೆ ಬಸ್ಸು ಹತ್ತಿದ್ದಳು. ಕಿಟಕಿಯಿಂದಲೇ ತೀರ್ಪು ಕೊಟ್ಟಳು: "ಭಾನುವಾರ ಹೆಬಳೆಯಲ್ಲಿ ಅಣ್ಣನ ಮನೆ ಒಕ್ಕಲು. ಇದ್ರಲ್ಲೇ ಹೋಗ್ವಾ. ದಾರೀಲಿ ನಿಂತ್ರೆ ಸೋಮವಾರ ಇದನ್ನ ಮಾರೂದು. ಮಾಸ್ತರ್ರೇ, ನೀವೇ ಸಾಕ್ಷಿ."

ಸಾಕ್ಷಿಯ ಒಂದು ಕೈ ಬೈರಾಸಿನ ಗಂಟಿನ ಮೇಲಿತ್ತು. ಇನ್ನೊಂದನ್ನು ಎತ್ತಿ ಒಪ್ಪಿಗೆ ಸೂಚಿಸಿದರು. ಪ್ಯಾಂಟಿಗೆ ಅಂಟಿದ ಕೆಂಪು ನೂಲಿನ ಜುಂಗು ಬಿಡಲು ಎರಡು ಒಗೆತ ಬೇಕಾಯಿತು.

ತದಡಿಯಿಂದ ಭಟ್ಕಳದವರೆಗೆ ಉಮೇಶನ ತಾತ್ಸಾರಕ್ಕೆ ಗುರಿಯಾಗದೆ ಉಳಿದದ್ದು ಒಂದೇ, ಉಮೇಶ. ಬಸ್ಸು ಅವನ ಪಾಲಿಗೆ ಡಬ್ಬ. ಊರವರ ಸಣ್ಣ ಕಾರುಗಳು ಸಾಬೂನು ಪೆಟ್ಟಿಗೆಗಳು. ಮಾಸ್ತರರ ಸ್ಕೂಟರನ್ನು ಅವನು ವಾಹನದ ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೀಸೆ ಮೂಡುವ ವಯಸ್ಸಿಗೆ ತದಡಿಯಲ್ಲಿ ಬೋಟು ಹತ್ತಿ, ಎಂಜಿನ್ ಡ್ರೈವರನಾಗಿ, ಆಮೇಲೆ ಬಂದರಿನಲ್ಲೇ ಐಸ್ ಪ್ಲಾಂಟ್ ಹಾಕಿದವನು. ಐಸು ಮಾರಿದ ದುಡ್ಡಿನಲ್ಲಿ ಗೋವಾದಿಂದ ಈ ಹಳೆಯ ರೇಸಿನ ಕಾರು ತಂದ. ಹುಲಿಯ ಹಾಗೆ ಗರ್ಜಿಸುವ ಎಂಜಿನ್ನು. ಗರ್ಜಿಸಿ ಸುಸ್ತಾದ ಹುಲಿಯ ಹಾಗೆ ಅಲ್ಲಲ್ಲಿ ಮಲಗುವ ಅಭ್ಯಾಸ. ಪ್ರತಿ ಸಲವೂ ಪೆಟ್ರೋಲ್ ಸೋಸುವ ಫಿಲ್ಟರ್ ಕಟ್ಟಿರುತ್ತಿತ್ತು. ಪ್ರತಿ ಸಲವೂ ಉಮೇಶ ಅದನ್ನು ಕಿತ್ತು, ಉಗಿದು, ಗಟಾರಕ್ಕೆ ಎಸೆಯುತ್ತಿದ್ದ.

ಪೆಟ್ರೋಲ್ ಬಂಕಿನವರನ್ನಂತೂ ಅವನು ಮನುಷ್ಯರೆಂದೇ ಎಣಿಸಿರಲಿಲ್ಲ. ಅವರ ಪೈಪು ತನ್ನ ಕಾರಿಗೆ ತಾಗಕೂಡದು. ಕ್ಯಾನಿನಲ್ಲಿ ಪೆಟ್ರೋಲ್ ತಂದು, ಐಸ್ ಪ್ಲಾಂಟಿನ ಅಂಗಳದಲ್ಲಿ ಲಾಳಿಕೆಯ ಬಾಯಿಗೆ ಬೈರಾಸು ಕಟ್ಟಿ, ಸೋಸಿಯೇ ಟ್ಯಾಂಕಿಗೆ ಹೊಯ್ಯುತ್ತಿದ್ದ. ಬೋಟಿನಲ್ಲಿ ಕಲಿತ ಪಾಠ. ಡ್ರಮ್ಮಿನ ಡೀಸೆಲ್‌ನಲ್ಲಿ ನೀರು, ತುಕ್ಕು ಎಲ್ಲ ಇರುತ್ತಿತ್ತು. ನಡುಸಮುದ್ರದಲ್ಲಿ ಎಂಜಿನ್ ನಿಂತರೆ ಇನ್ನೊಬ್ಬರ ಬೋಟಿಗೆ ಹಗ್ಗ ಕಟ್ಟಿಸಿಕೊಂಡು ದಡಕ್ಕೆ ಬರುವ ಮರ್ಯಾದೆಗೇಡು.

"ನನ್ನಷ್ಟು ಚೊಕ್ಕ ಪೆಟ್ರೋಲ್ ಕುಡಿಸೂವ ಗಂಡಸು ಜಿಲ್ಲೇಲಿ ಇಲ್ಲ," ಎನ್ನುತ್ತಿದ್ದ. ಮಾಸ್ತರರು ಪಕ್ಕದಲ್ಲಿ ಕ್ಯಾನ್ ಹಿಡಿದು ತಲೆಯಾಡಿಸುತ್ತಿದ್ದರು. ಓದಿದವರಿಗೆ ತಲೆಯಾಡಿಸುವ ಕೆಲಸ ಚೆನ್ನಾಗಿ ಬರುತ್ತದೆ.

ಶನಿವಾರ ಇಬ್ಬರೂ ಕುಮಟೆಯ ಶಾಂತಾರಾಮನ ಬಿಡಿಭಾಗದ ಅಂಗಡಿಗೆ ಹೋದರು. ಶಾಂತಾರಾಮ ಮೊದಲು ತೆಗೆದಿಟ್ಟದ್ದು ಕಾಗದದ ಒಳಹೂರಣದ ಮಾಮೂಲಿ ಫಿಲ್ಟರು.

"ಕಾಗ್ದ!" ಉಮೇಶ ಅದನ್ನು ಎರಡೇ ಬೆರಳಲ್ಲಿ ಎತ್ತಿದ, ಸತ್ತ ಹಲ್ಲಿಯ ಹಾಗೆ. "ಕಾಗ್ದದಲ್ಲಿ ಶೇಂಗಾ ಕಟ್ಟೂದು ಮಾರಾಯಾ."

ಇನ್ನೊಂದು ಬಂತು, ಧೂಳಿನ ಕಣವನ್ನೂ ಬಿಡದಷ್ಟು ಸಣ್ಣ ಜಾಲದ್ದು. ಉಮೇಶ ಅದರ ತುದಿಗೆ ಬಾಯಿಟ್ಟು, ಕೆನ್ನೆ ಉಬ್ಬಿಸಿ ಊದಿದ. ಕಣ್ಣು ಹೊರಬಂದವೇ ಹೊರತು ಗಾಳಿ ಆಚೆ ಹೋಗಲಿಲ್ಲ.

"ಇದು ಆಟೋರಿಕ್ಷಾಕ್ಕೆ ಆತು. ನನ್ನ ಎಂಜಿನ್ ಗಟಗಟ ಎಳೀತದೆ. ಇದ್ರಲ್ಲಿ ಪೆಟ್ರೋಲ್ ಬರೂದ್ರೊಳಗೆ ಅದು ನಿದ್ದೆ ಮಾಡಿರ್ತದೆ."

"ಪೆಟ್ರೋಲ್ ಧಾರಾಳ ಬಿಡಬೇಕು, ಕಸ ಬಿಡಬಾರದು, ಅಷ್ಟೇ ಅಲ್ವಾ?" ಶಾಂತಾರಾಮ ಆಕಳಿಸಿದ. "ಮೊದ್ಲಿಂದು ಎಂತಕ್ಕೆ ಕಟ್ಟಿತ್ತು? ಒಡೆದು ನೋಡಿದ್ರಾ?"

"ಕಸದ ಬುಟ್ಟಿ ಕೆದಕೂ ಅಭ್ಯಾಸ ನಂಗಿಲ್ಲ."

ಶಾಂತಾರಾಮ ಮಾತು ಬಿಟ್ಟು, ಕಪಾಟಿನ ಮೇಲಿಂದ ಒಂದು ಪೆಟ್ಟಿಗೆ ಇಳಿಸಿದ. ಒಳಗೆ ನೀಲಿ ಬಣ್ಣದ ದಪ್ಪ ಕೊಳವೆ. ಅದರೊಳಗೆ ಸ್ಟೀಲಿನ ಜಾಲರಿ. ಕಟ್ಟಿದರೆ ತಿರುಪು ಬಿಚ್ಚಿ, ತೊಳೆದು, ಮತ್ತೆ ಹಾಕಬಹುದು. ಉಮೇಶ ಊದಿದ. ಗಾಳಿ ಸರಾಗವಾಗಿ ದಾಟಿ ಎದುರಿಗಿದ್ದ ಮಾಸ್ತರರ ಕನ್ನಡಕಕ್ಕೆ ಮಂಜು ಕಟ್ಟಿಸಿತು.

"ಇದು ಉಸಿರಾಡ್ತದೆ ನೋಡು, ಮಾಸ್ತರಾ," ಎಂದ ಉಮೇಶ. ಯಾವುದೇ ವಸ್ತುವಿನ ಬಗ್ಗೆ ಅವನ ಬಾಯಲ್ಲಿ ಮಾಸ್ತರರು ಕೇಳಿದ ಮೊದಲ ಒಳ್ಳೆಯ ಮಾತು ಅದು.

ಭಾನುವಾರ ಬೆಳಿಗ್ಗೆ, ಹೊಸ ಫಿಲ್ಟರಿನ ಗೌರವಕ್ಕೆಂದು ಹೊಸ ಕೆಂಪು ಬೈರಾಸಿನಲ್ಲಿ ಸೋಸಿ, ಟ್ಯಾಂಕು ತುಂಬಿಸಿ ಹೊರಟರು. ರೇಖಾ ಮುಂದಿನ ಸೀಟಿನಲ್ಲಿ, ಉಡುಗೊರೆಯ ಹಿತ್ತಾಳೆ ದೀಪವನ್ನು ತೊಡೆಯ ಮೇಲಿಟ್ಟುಕೊಂಡು, ಸಾಕ್ಷಿ ಹಿಂದೆ. ಹೊನ್ನಾವರ ದಾಟಿತು, ಶರಾವತಿ ಸೇತುವೆ ದಾಟಿತು. ಮಂಕಿಯಲ್ಲಿ ಉಮೇಶ ಮೂರು ಸಾಬೂನು ಪೆಟ್ಟಿಗೆಗಳನ್ನು ಹಿಂದೆ ಹಾಕಿದ. ಮುರ್ಡೇಶ್ವರದ ಹತ್ತಿರ ಹೆಂಡತಿಯ ಕಡೆ ಹುಬ್ಬು ಹಾರಿಸಿದ.

ಶಿರಾಲಿಯಲ್ಲಿ ಕಾರು ಎರಡು ಸಲ ಬಿಕ್ಕಳಿಸಿ ನಿಂತಿತು. ಹೆಬಳೆ ಇನ್ನು ಕೂಗಳತೆಯಲ್ಲಿತ್ತು ಅನ್ನಬೇಕು. ಹಿಂದೆ ಹಾಕಿಸಿಕೊಂಡ ಮೂರೂ ಸಾಬೂನು ಪೆಟ್ಟಿಗೆಗಳು ಹಾರ್ನ್ ಹೊಡೆದು ಮುಂದೆ ಹೋದವು.

ಉಮೇಶ ಬಾನೆಟ್ ಎತ್ತಿ, ಫಿಲ್ಟರ್ ಕಳಚಿ ಮಾಸ್ತರರ ಕೈಗಿತ್ತ. ಮಾಸ್ತರರು ತಿರುಪು ಬಿಚ್ಚಿದರು. ಸ್ಟೀಲಿನ ಜಾಲರಿಯ ತುಂಬ, ಗುಬ್ಬಚ್ಚಿ ಗೂಡು ಕಟ್ಟಿದ ಹಾಗೆ, ಒದ್ದೆಯಾದ ಕೆಂಪು ಜುಂಗು. ಮಾಸ್ತರರಿಗೆ ಬಿಳಿ ಪ್ಯಾಂಟು ನೆನಪಾಯಿತು. ಇಷ್ಟು ದಿನ ಕ್ಯಾನ್ ಹಿಡಿದು ತಲೆಯಾಡಿಸಿದ್ದೂ ನೆನಪಾಗಿ, ಸಾಕ್ಷಿ ಕೆಮ್ಮಿ ದೂರ ಸರಿದು ನಿಂತರು.

ರೇಖಾ ದೀಪವನ್ನು ಕಂಕುಳಿಗಿಟ್ಟು ಬಗ್ಗಿ ನೋಡಿದಳು. ಒಂದು ಎಳೆ ಎಳೆದಳು. ಅದು ಉದ್ದಕ್ಕೆ ಬಂತು.

"ಇದು ನಿಮ್ಮ ಬೈರಾಸಲ್ವಾ?"

ಉಮೇಶ ಎಳೆಯನ್ನು ಬೆಳಕಿಗೆ ಹಿಡಿದ, ಮೂಸಿದ, ಬೆರಳಲ್ಲಿ ಹೊಸೆದ. "ಲೋಕಲ್ ಮಾಲು," ಎಂದ. "ಫಿಲ್ಟರ್ ಮಾತ್ರ ಫಸ್ಟ್ ಕ್ಲಾಸ್. ಒಂದೂ ಎಳೆ ಬಿಟ್ಟಿಲ್ಲ ನೋಡು."

ಎದುರಿನಿಂದ ಬಂದ ರಿಕ್ಷಾಕ್ಕೆ ರೇಖಾ ಕೈ ಮಾಡಿದಳು. ಹತ್ತುವ ಮೊದಲು ತಿರುಗಿ ನಿಂತಳು. "ಆತು. ಸೋಮವಾರ ಮಾರೂದು ಎಂತದನ್ನ? ಮಾಸ್ತರ್ರ ಎದುರಿಗೇ, ನಿಮ್ಮ ಬಾಯಲ್ಲೇ ಹೇಳಿ."

ಉಮೇಶ ಜಾಲರಿಯನ್ನು ಬಾಯಿಗಿಟ್ಟು ಒಮ್ಮೆ ಊದಿದ. ತುಟಿಗೆ ಅಂಟಿದ ಕೆಂಪು ಜುಂಗನ್ನು ಉಗಿದ.

"ಬೈರಾಸು."